ನಿಲ್ಲಿಸುವ ಗುಂಡಿ

ಟಿವಿಗೆ ಹೊಸ ಸೆಟ್‌ಟಾಪ್ ಬಾಕ್ಸ್ ತರಲು ಗಂಡನ ಜೊತೆ ಅಂಗಡಿಗೆ ಹೋದಾಗ ಅಲ್ಲಿನ ದೊಡ್ಡ ಟಿವಿಯಲ್ಲಿ ಅವಳ ಮೆಚ್ಚಿನ ಸೀರಿಯಲ್ಲೇ ಓಡುತ್ತಿತ್ತು.

"ಅತ್ತೆ ಪಾತ್ರಕ್ಕೆ ಬೇರೆಯವರು ಬಂದಿದ್ದಾರಾ?" ಎಂದಳು.

"ಎರಡು ವರ್ಷ ಆಯ್ತಲ್ಲ ಮೇಡಂ! ದನಿ ಮಾತ್ರ ಅದೇ," ಸೇಲ್ಸ್‌ಮನ್ ನಕ್ಕ.

ಆರು ವರ್ಷದಿಂದ ಆ ಸೀರಿಯಲ್ಲನ್ನು ಅವಳು ಒಲೆಯ ಮುಂದೆ ನಿಂತು ಬರೀ ಕೇಳುತ್ತಿದ್ದಳು.

"ಈ ಎಚ್‌ಡಿ ರೆಕಾರ್ಡರ್ ಇರೋ ಬಾಕ್ಸ್ ತಗೊಳ್ಳಿ. ಈ ಗುಂಡಿ ಒತ್ತಿದರೆ ಲೈವ್ ಕಾರ್ಯಕ್ರಮ ಕೂಡ ಅಲ್ಲೇ ನಿಲ್ಲುತ್ತೆ. ಅಡುಗೆಮನೆಗೆ ಹೋಗಿಬಂದು, ಬಿಟ್ಟಲ್ಲಿಂದ ನೋಡಬಹುದು."

ಗಂಡ ಮಾಮೂಲಿ ಬಾಕ್ಸ್ ಎತ್ತಿಕೊಂಡ. "ಇಷ್ಟು ಸಾಕು. ಇವಳಿಗೆ ಒಳಗಿಂದಲೇ ಕೇಳಿಸುತ್ತೆ."

"ಕೇಳಿ ಕೇಳಿ ಸಾಕಾಗಿದೆ ರೀ." ಅವನ ಕೈಯಿಂದ ಅದನ್ನು ಕಿತ್ತು ವಾಪಸ್ ಇಟ್ಟಳು. "ರೆಕಾರ್ಡರ್‌ಗೇ ಬಿಲ್ ಹಾಕಪ್ಪಾ."

ಭಾನುವಾರ ಮ್ಯಾಚಿನ ಕೊನೆಯ ಓವರು. ಗಂಡ ಪರದೆಯಿಂದ ಕಣ್ಣು ಕೀಳದೆ ಹೇಳಿದ, "ಲೇ, ಒಂದು ಲೋಟ ಕಾಫಿ ತಾ."

ಪಕ್ಕದಲ್ಲಿ ರಿಮೋಟ್ ಹಿಡಿದು ಕೂತಿದ್ದ ಅವಳು ಗುಂಡಿ ಒತ್ತಿದಳು. ಓಡಿಬರುತ್ತಿದ್ದ ಬೌಲರ್ ಒಂದು ಕಾಲು ಎತ್ತಿಕೊಂಡು ಅಲ್ಲೇ ನಿಂತ.

"ಹೋಗಿ ಇಬ್ಬರಿಗೂ ಮಾಡ್ಕೊಂಡು ಬನ್ನಿ. ನೀವು ಬರೋವರೆಗೂ ಅವನು ಬಾಲ್ ಹಾಕಲ್ಲ."