ಏಳನೆಯ ಲೋಟ

“ನಿಮ್ಮ ಮಗಳಿಗೆ ಎಣಿಸೋಕೆ ಬರ್ತಿಲ್ಲಮ್ಮ. ಮುಂದಿನ ವರ್ಷವೂ ಇದೇ ಕ್ಲಾಸಲ್ಲಿ ಕೂರಿಸಬೇಕಾಗುತ್ತೆ.”

ಶಿಶುವಿಹಾರದ ಟೀಚರ್ ಹೀಗೆಂದಾಗ ಕಂಡಕ್ಟರಮ್ಮನಿಗೆ ತಾನು ಕೂತ ಪುಟಾಣಿ ಕುರ್ಚಿಯೇ ಕುಸಿದಂತಾಯಿತು. ಬೆಳಗಿನಿಂದ ಸಂಜೆತನಕ ಬಸ್ಸಿನಲ್ಲಿ ತಲೆ ಎಣಿಸುವವಳು ಅವಳು. ಅವಳ ಹೊಟ್ಟೆಯಲ್ಲಿ ಹುಟ್ಟಿ, ಎಲ್ಲರ ಬಾಯಲ್ಲೂ ‘ಬಟಾಣಿ’ ಆಗಿರುವ ಮಗಳಿಗೆ ಎಣಿಕೆ ಬಾರದೇ? ಅಯ್ಯೋ ದೇವರೇ!

“ಮನೇಲಿ ಚೆನ್ನಾಗೇ ಎಣಿಸ್ತಾಳಲ್ಲ ಟೀಚರ್?”

“ಮನೆ ಮಾತು ಬೇರೆ. ನಾನು ಕಣ್ಣಾರೆ ಕಂಡಿದ್ದನ್ನಷ್ಟೇ ಬರೆಯೋದು.” ಟೀಚರ್ ತಮ್ಮ ಟಿಪ್ಪಣಿ ಓದಿದರು. “ಮಕ್ಕಳು ಆರು. ಹಾಲಿನ ಲೋಟ ಬಟಾಣಿ ಇಟ್ಟಿದ್ದು ಏಳು. ಮರುದಿನ ಮತ್ತೆ ಏಳು. ನಿನ್ನೆಯೂ ಏಳು.”

“ಅವಳನ್ನೇ ಒಂದು ಮಾತು ಕೇಳಬಾರದಿತ್ತಾ?”

“ಗಮನಿಸೋವಾಗ ನಾವು ಬಾಯಿ ಬಿಡೋ ಹಾಗಿಲ್ಲಮ್ಮ. ಮಕ್ಕಳ ಪಾಲಿಗೆ ನಾವು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗಿರಬೇಕು. ಬನ್ನಿ, ನೀವೇ ನೋಡಿ.” ಟೀಚರ್ ಕೆಟ್ಟವರೇನಲ್ಲ, ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುವವರು.

ಹಾಲು ಕುಡಿಯುವ ಹೊತ್ತು. ಮೇಜಿನ ಸುತ್ತ ಮಕ್ಕಳ ಗಲಾಟೆಯೋ ಗಲಾಟೆ. ಟೀಚರ್ ಎಂದಿನಂತೆ ಮೂಲೆಯ ಸ್ಟೂಲಿನ ಮೇಲೆ ಕೂತು ಪೆನ್ನು ತೆಗೆದರು. ಅಮ್ಮ ಬಾಗಿಲ ಬಳಿ ನಿಂತಳು. ಬಟಾಣಿ ನಾಲಿಗೆಯ ತುದಿ ಕಚ್ಚಿಕೊಂಡು, ಒಂದು ಹನಿಯೂ ಚೆಲ್ಲದೆ, ಒಬ್ಬೊಬ್ಬರ ಮುಂದೆಯೂ ಲೋಟ ಇಡುತ್ತ ಬಂದಳು. ತನ್ನದೂ ಸೇರಿ ಆರು. ಸಾಕು ಕಣೇ, ನಿಲ್ಲಿಸೇ ಎಂದು ಅಮ್ಮ ಮನಸ್ಸಿನಲ್ಲೇ ಅಂಗಲಾಚಿದಳು. ಎಲ್ಲಿಯ ನಿಲ್ಲಿಸುವುದು! ಮೇಜಿನ ಕೊನೆಗೆ ಏಳನೆಯದು ಬಂತು. ಸಾಲದ್ದಕ್ಕೆ ಇವತ್ತು ಎಂಟನೆಯದೂ ಬಂತು.

ಟೀಚರ್ ನಿಟ್ಟುಸಿರಿಟ್ಟು ಬರೆದುಕೊಂಡರು. ಅಮ್ಮನಿಗೆ ತಡೆಯಲಾಗಲಿಲ್ಲ.

“ಯಾರಿಗೇ ಅದೆರಡು?”

ಇಷ್ಟೂ ಗೊತ್ತಾಗಲ್ವಾ ಎಂಬಂತೆ ಬಟಾಣಿ ಅಮ್ಮನನ್ನು ನೋಡಿದಳು. “ಒಂದು ನಿಂಗೆ. ನೀನು ಬಂದಿದ್ದೀಯಲ್ಲ. ಇನ್ನೊಂದು ಟೀಚರಿಗೆ. ದಿನಾ ಇಡ್ತೀನಿ, ಅವರು ಕುಡಿಯೋದೇ ಇಲ್ಲ.”

ಟೀಚರ ಪೆನ್ನು ಅಲ್ಲೇ ನಿಂತಿತು. “ಅಯ್ಯೋ ನನ್ನ ಬುದ್ಧಿಗಿಷ್ಟು! ಎಲ್ಲರನ್ನೂ ಎಣಿಸಿ ನನ್ನನ್ನೇ ಬಿಟ್ಟುಬಿಟ್ಟಿದ್ದೀನಿ,” ಎಂದು ಹಣೆ ಚಚ್ಚಿಕೊಂಡು ನಕ್ಕರು. “ತಪ್ಪಾಯ್ತಮ್ಮ. ನಿಮ್ಮ ಮಗಳು ಧಾರಾಳವಾಗಿ ಮುಂದಿನ ಕ್ಲಾಸಿಗೆ ಹೋಗ್ತಾಳೆ.”

ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಗಿ ಅಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಬರುತ್ತಿರುವುದು ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

ಟೀಚರ್ ಹಳೆಯ ಸಾಲುಗಳನ್ನು ಹೊಡೆದುಹಾಕಲು ಪುಟ ತಿರುವುತ್ತಿದ್ದಂತೆ, ಬಟಾಣಿ ಲೋಟ ಹಿಡಿದು ಅವರ ಎದುರಿಗೇ ಬಂದು ನಿಂತಳು.

“ಮೊದ್ಲು ಕುಡೀರಿ ಟೀಚರ್. ಬರೆಯೋದು ಆಮೇಲೆ.”