ಮೂಲೆಮನೆಯ ತಂತಿ

ಬೀದಿಬದಿಯ ಟೆಲಿಫೋನ್ ಪೆಟ್ಟಿಗೆ ತೆರೆದು ಲೈನ್‌ಮನ್ ದೋಷ ಹುಡುಕುವ ನಾಟಕವಾಡುತ್ತಿದ್ದ. ತಿಂಗಳ ಹಿಂದೆ ಅದೇ ಬೀದಿಯ ಅಂಗಡಿಯವನ ಬಾಯಿಗೆ ಹೆದರಿ, ಮೂಲೆಮನೆಯ ಒಳ್ಳೆಯ ತಂತಿಯನ್ನು ಅವನಿಗೆ ಜೋಡಿಸಿ, ಅವನ ಕೆಟ್ಟ ತಂತಿಯನ್ನು ಮೂಲೆಮನೆಗೆ ಕಟ್ಟಿದ್ದವನು ಇವನೇ. ಆ ಮನೆಯಾಕೆ ಬಾಯಿಸತ್ತವಳು, ದೂರು ಕೊಡುವವಳಲ್ಲ.

ಇವತ್ತು ಬೀದಿಯಲ್ಲಿ ಅವನನ್ನು ಕಂಡು ಕರೆದಾಗಲೂ ಆಕೆ ಬೈಯಲಿಲ್ಲ. “ಅಕ್ಕನ ಜೊತೆ ಜಗಳ ಆಡಿದ್ದೆ. ಫೋನ್ ಬರದಿದ್ದಕ್ಕೆ ಅವಳಿಗಿನ್ನೂ ಕೋಪ ಅಂದ್ಕೊಂಡು ನಾನೂ ಸುಮ್ನಿದ್ದೆ. ಇವತ್ತು ನಾನೇ ಮಾತಾಡೋಣ ಅಂತ ಎತ್ತಿದ್ರೆ ಉಸಿರೇ ಇಲ್ಲ, ಅಣ್ಣಾ,” ಎಂದವಳು, ಬಿಸಿಲಿಗೆಂದು ತನ್ನ ಕೊಡೆಯನ್ನು ಅವನ ಕೈಗಿತ್ತು ಒಳಗೆ ಹೋದಳು.

ಕೊಡೆಯನ್ನು ಕುತ್ತಿಗೆಗೆ ಆನಿಸಿಕೊಂಡು, ಅವಳ ತಂತಿಯನ್ನು ಅವಳಿಗೇ ಮರಳಿ ಜೋಡಿಸಿದ. ಎರಡೇ ನಿಮಿಷದ ಕೆಲಸ. ಪರೀಕ್ಷೆಗೆಂದು ಅಲ್ಲಿಂದಲೇ ಅವಳ ನಂಬರಿಗೆ ಕರೆ ಮಾಡಿದ. ಮೊದಲ ರಿಂಗಿಗೇ ಎತ್ತಿದಳು.

“ಅಕ್ಕಾ? ತಪ್ಪೆಲ್ಲ ನಂದೇ ಕಣೇ.”