ಮೀನೆಣ್ಣೆ ಗುಳಿಗೆ

ಬಕ್ಕೇಶ್ ಎಡಗೈಯಿಂದ ಮಗಳ ದವಡೆ ಅಮುಕಿ ಹಿಡಿದು, ಬಲಗೈಯ ಎರಡು ಬೆರಳನ್ನು ಅವಳ ಗಂಟಲಿಗೆ ತುರುಕಿದ. ಒಂಬತ್ತು ವರ್ಷದ ರಶ್ಮಿತಾ ಓಕರಿಸುತ್ತ ಕಾಲು ಬಡಿದಳು. ಮೀನಿನ ವಾಸನೆಯ ಒಂದು ತೇಗು ಅವಳನ್ನು ಹಿಡಿದುಕೊಟ್ಟಿತ್ತು. "ಕಕ್ಕಲೇ! ಲಿಂಗ ಕಟ್ಟಿದ ಮನ್ಯಾಗ ಮೀನೆಣ್ಣೆ ನುಂಗ್ತೀಯ?" ಬಿಡಿಸಲು ಬಂದ ಹೆಂಡತಿ ಆಶಾರಾಣಿಯನ್ನು ಅವನು ಒದ್ದ ರಭಸಕ್ಕೆ ಅವಳ ಹಣೆ ಬಾಗಿಲಿಗೆ ಬಡಿದು ಒಡೆಯಿತು. ಅವಳು ಗುಳಿಗೆ ಬಚ್ಚಿಟ್ಟಿದ್ದ ಹಳೆಯ ವನಸ್ಪತಿ ತುಪ್ಪದ ಡಬ್ಬಿ ಉರುಳಿ, ಹಳದಿ ಗುಳಿಗೆಗಳು ನೆಲದ ತುಂಬ ಚೆಲ್ಲಿದವು.

"ಪಿ.ಜೆ. ಬಡಾವಣೆ ಡಾಕ್ಟ್ರು ಹೇಳಿದ್ರು ರೀ! ಕೂಸಿನ ಮನಸ್ಸು ಒಂದ್ ಕಡೆ ನಿಲ್ಲಲ್ಲ, ವನಸ್ಪತಿ ಬಿಡಿಸಿ ಈ ಎಣ್ಣೆ ಕೊಟ್ಟು ನೋಡಾಣ ಅಂದ್ರು," ಎಂದು ಆಶಾರಾಣಿ ಕಿರುಚಿದಳು. ಆದರೆ ಅವಳ ಕಣ್ಣಿದ್ದದ್ದು ಗಂಡನ ಮೇಲಲ್ಲ, ದೇವರ ಕೋಣೆಯಿಂದ ಹೊರಬಂದ ಅತ್ತೆಯ ಮೇಲೆ. ಪೂಜೆಯಾಗದೆ ನೀರನ್ನೂ ಮುಟ್ಟದ ದ್ರಾಕ್ಷಾಯಣಮ್ಮನಿಗೆ ಹೆದರಿಯೇ ಅವಳು ಇಷ್ಟು ದಿನ ಮುಚ್ಚಿಟ್ಟಿದ್ದು.

ಅತ್ತೆಯ ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಕಾಲ ಬಳಿ ಉರುಳಿ ಬಂದ ಒಂದು ಗುಳಿಗೆಯನ್ನು ಅವಳು ಬಗ್ಗಿ ಹೆಕ್ಕಿದಳು. "ಪೂಜೆ ಹೂವು ಕಟ್ಟಾಕ ಕುಂದ್ರಿಸಿದ್ರೆ ಮೂರು ಹೂವು ಕಟ್ಟಿ ಎದ್ದು ಓಡ್ತಿತ್ತು ಈ ಕೂಸು. ಈಗ ಹದಿನೈದು ದಿನ ಆತು, ಪೂರಾ ಮಾಲೆ ಕಟ್ಟೇ ಏಳ್ತೈತೆ," ಎಂದಳು. ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು, ನೀರಿಲ್ಲದೆ ನುಂಗಿ, ಮಗನ ಎದುರಿಗೆ ಹೋಗಿ ನಿಂತಳು.

"ಹಾಕು. ನನ್ ಗಂಟಲಿಗೂ ಕೈ ಹಾಕೋ ಲೇ," ಎಂದು ಬಾಯಿ ತೆರೆದಳು.